ಎರಡು ಸರ್ಕಾರಕ್ಕೆ ಒಂದು ಅರ್ಜಿ

ಗಡಿಯಲ್ಲಿ ಜಗಳವಾಗಿ, ಸರ್ಕಾರ ಆಚೆ ದೇಶದ ಆ್ಯಪ್‌ಗಳನ್ನು ನಿಷೇಧಿಸಿದ ವರ್ಷ ಯರಗುಪ್ಪಿಯಲ್ಲಿ ನನ್ನಷ್ಟು ದೊಡ್ಡ ದೇಶಭಕ್ತ ಇನ್ನೊಬ್ಬನಿರಲಿಲ್ಲ. ಗುಂಡು ಹಾರಿಸದೆ ಶತ್ರುವನ್ನು ಹಣಿಯುವುದು ಹೀಗೆ ಎಂದು ಟಿವಿಯವರು ಕೂಗಿದ್ದೇ ತಡ, ಸರ್ಕಾರಿ ಶಾಲೆಯ ಮಾಸ್ತರನಾದ ನಾನು ಮನೆಮನೆ ತಿರುಗಿ, ಜನರ ಫೋನ್ ಇಸಿದುಕೊಂಡು ಆ್ಯಪ್ ಅಳಿಸತೊಡಗಿದೆ. ಹೀಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಕೊರೊನಾಕ್ಕೆ ಶಾಲೆ ಮುಚ್ಚಿತ್ತು, ಬೇರೆ ಕೆಲಸವಿರಲಿಲ್ಲ.

ಬಾಜು ಮನೆಯ ಹಲೀಮಾಬಿ ಚಾಚಿ ಮಾತ್ರ ಫೋನನ್ನು ಸೆರಗಿನಲ್ಲಿ ಹಿಡಿದು ನಿಂತರು. ಅವರ ಗಂಡ ಬುಡನಸಾಬ ಕಾಕಾ ತೀರಿಕೊಂಡು ಆಗ ನಾಲ್ಕು ತಿಂಗಳು. ಮೊಹರಂನಲ್ಲಿ ಕಾಕಾ ಹಸೇನ್-ಹುಸೇನರ ಕಥೆಯ ರಿವಾಯತ್ ಪದ ಎತ್ತಿದರೆ ನಮ್ಮ ಓಣಿಯ ಲಿಂಗಾಯತರೂ ಹಿಂದೆ ನಿಂತು ದನಿಗೂಡಿಸುತ್ತಿದ್ದರು.

"ಮಾಸ್ತರ್ರ, ಅವರು ಹಾಡಿದ ಹನ್ನೊಂದ ಪದ ಆ ವಿಡಿಯೊ ಆ್ಯಪಿನ್ಯಾಗ ಅದಾವ್ರಿ. ದಿನಾ ಮುಂಜಾನೆ ಕೇಳ್ತೀನ್ರಿ."

"ಪದ ಫೋನಿನ್ಯಾಗ ಉಳೀತಾವ ಚಾಚಿ, ಆ್ಯಪ್ ಅಷ್ಟ ಹೋಗ್ತೈತಿ. ದೇಶದ ಕೆಲಸ ಐತ್ರಿ ಇದು."

ಉಳಿಯುತ್ತವೋ ಇಲ್ಲವೋ ನನಗೆ ಗೊತ್ತಿರಲಿಲ್ಲ, ನೋಡಲೂ ಇಲ್ಲ. ದೇಶದ ಮಾತು ಬಂದರೆ ಆ ಮನೆಯವರು ಒಲ್ಲೆ ಅನ್ನಲಾರರು ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಚಾಚಿ ಫೋನ್ ಕೊಟ್ಟರು. ನಾನು ಒತ್ತಿದೆ.

ಊರಿಗೆ ತೋರಿಸುವ ಮುಂಚೆ ಇನ್ನೊಮ್ಮೆ ತಿದ್ದಬೇಕೆಂದು ಕಾಕಾ ಪದಗಳನ್ನು ಆ್ಯಪ್‌ನೊಳಗೇ ಇಟ್ಟಿದ್ದರು. ನಿಷೇಧವಾದರೂ ಅವು ಅಲ್ಲೇ ಇರುತ್ತಿದ್ದವು, ನಾನು ಅಳಿಸಿದ್ದಕ್ಕೆ ಹೋದವು. ಇದನ್ನು ನನಗೆ ಹೇಳಿದವನು ಕುಂದಗೋಳದ ಮೊಬೈಲ್ ಅಂಗಡಿಯವನು. ಪದ ಎಲ್ಲಿ ಎಂದು ಚಾಚಿ ಕೇಳಿದಾಗ ಮಾತ್ರ ನಾಲಿಗೆ ಬೇರೆ ಕಡೆ ಸರಾಗವಾಗಿ ಹೊರಳಿತು: "ಸರ್ಕಾರ ಬಂದ್ ಮಾಡೇತ್ರಿ ಚಾಚಿ, ಪದಾನೂ ಅದರ ಕೂಡ ಹೋದ್ವು."

ಮೊಹರಂ ಇನ್ನೊಂದು ವಾರವಿದೆ ಎನ್ನುವಾಗ ಅವರು ಬಿಳಿ ಹಾಳೆ ಹಿಡಿದು ಬಂದರು.

"ಸರ್ಕಾರ ಒಯ್ದದ್ದು ಸರ್ಕಾರನ ತಿರುಗಿ ಕೊಡಬೇಕಲ್ರಿ. ಒಂದು ಅರ್ಜಿ ಬರ್ದ ಕೊಡ್ರಿ."

"ಯಾವ ಸರ್ಕಾರಕ್ಕ ಚಾಚಿ? ನಮ್ಮದಕ್ಕೋ, ಅವರದಕ್ಕೋ?"

"ಎರಡಕ್ಕೂ ಬರೀರಿ. ಜಗಳ ಅವರಿಬ್ಬರದು, ಪದ ನಮ್ಮನಿವು."

ಬರೆದೆ. ಓದಿ ಹೇಳಿರಿ ಎಂದರು. 'ನನ್ನ ಗಂಡನ ದನಿಯನ್ನು ತಾವು ಒಯ್ದಿದ್ದು' ಎಂಬಲ್ಲಿ ಓದು ನಿಲ್ಲಿಸಿದೆ. ಪೆನ್ನು ಕೆಳಗಿಟ್ಟು ಎಲ್ಲ ಹೇಳಿಬಿಟ್ಟೆ. ನೋಡದೆ ಒತ್ತಿದ್ದು, ಆಮೇಲೆ ಸುಳ್ಳು ಹೇಳಿದ್ದು, ಅವರು ಒಲ್ಲೆ ಅನ್ನಲಾರರೆಂದು ತಿಳಿದೇ ಫೋನ್ ಕೇಳಿದ್ದು.

ಬೈದರೆ ಸಾಕು ಎನಿಸಿತು. ಚಾಚಿ ಬೈಯದೆ ಹಾಳೆಯನ್ನು ನನ್ನ ಕಡೆ ಸರಿಸಿದರು.

"ಹಂಗಾರ ಮ್ಯಾಲಿನ ಎರಡೂ ಸರ್ಕಾರದ ಹೆಸರ ಹೊಡದು ನಿಮ್ಮ ಹೆಸರ ಹಾಕ್ರಿ."

ಹಾಕಿದೆ. ಅವರು ಕೆಳಗೆ ಸಹಿ ಮಾಡಿ, ಅರ್ಜಿಯನ್ನು ನನ್ನ ಕೈಗೇ ಕೊಟ್ಟು ಕೇಳಿದರು: "ಉತ್ತರ ಯಾವಾಗ ಕೊಡ್ತೀರಿ, ಮಾಸ್ತರ್ರ?"