ಅರ್ಧ ಓದಿದ ಪುಸ್ತಕ

ಕಣ್ಣಿಲ್ಲದವರ ಗ್ರಂಥಾಲಯಕ್ಕಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡುವುದು ಆಕೆಯ ಕೆಲಸ. ಎಲ್ಲರ ಬಾಯಲ್ಲೂ ಅವಳು ಓದಕ್ಕ. ಇಷ್ಟವಿರಲಿ ಬಿಡಲಿ, ಹಿಡಿದ ಪುಸ್ತಕವನ್ನು ಕೊನೆ ಮುಟ್ಟಿಸುತ್ತಿದ್ದಳು. ಸಂಬಳ ಕೊಡುತ್ತಿದ್ದರಲ್ಲ!

ಒಂದು ದಿನ ಮ್ಯಾನೇಜರ್ ಕರೆದು, ಇನ್ನು ಸ್ವಯಂಸೇವಕರೇ ಓದುತ್ತಾರೆ ಎಂದ. ಪುಕ್ಕಟೆ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಆಸಾಮಿ. ಓದಕ್ಕ ಬಟ್ಟೆ ಅಂಗಡಿ ಸೇರಿದಳು.

ಓದಲು ಬಂದ ಸ್ವಯಂಸೇವಕರು ಕೆಟ್ಟವರೇನಲ್ಲ. ಆದರೆ ಅವರಲ್ಲಿ ಒಬ್ಬ ಮೇಷ್ಟ್ರಿಗೆ ಕೆಮ್ಮು ಹತ್ತಿತು, ಬ್ಯಾಂಕಿನಾಕೆಗೆ ಮಗಳ ಬಾಣಂತನ ಬಂತು. ಉಪಕಾರಕ್ಕೆ ಬಂದವರನ್ನು ಯಾಕೆ ಬರಲಿಲ್ಲ ಎಂದು ಕೇಳುವುದಾದರೂ ಹೇಗೆ? ಮೇಲಾಗಿ ಅಲ್ಲೊಂದು ಕಟ್ಟಳೆ: ಒಂದು ಪುಸ್ತಕಕ್ಕೆ ಒಂದೇ ದನಿ. ಒಬ್ಬರು ಅರ್ಧಕ್ಕೆ ಬಿಟ್ಟರೆ ಮುಂದಿನವರು ಮತ್ತೆ ಮೊದಲಿನಿಂದ ಶುರು ಮಾಡಬೇಕು.

ದೂರದೂರಿನಲ್ಲಿ ಕಾನೂನು ಓದುತ್ತಿದ್ದ ಕಣ್ಣಿಲ್ಲದ ಹುಡುಗಿಯೊಬ್ಬಳು ಗ್ರಂಥಾಲಯದಲ್ಲಿ ನಂಬರು ಕೇಳಿ ಓದಕ್ಕನ ಅಂಗಡಿಗೇ ಫೋನ್ ಮಾಡಿದಳು.

"ಅಕ್ಕಾ, ನನ್ನ ಪರೀಕ್ಷೆ ಪುಸ್ತಕದ ಮೊದಲರ್ಧವನ್ನ ಮೂರು ಜನರ ಬಾಯಲ್ಲಿ ಕೇಳಿದೀನಿ. ಮೇಷ್ಟ್ರು ಎಲ್ಲೆಲ್ಲಿ ಮೂಗು ಎಳೀತಾರೆ ಅನ್ನೋದೂ ಬಾಯಿಪಾಠ. ಉಳಿದರ್ಧ ದೇವರಿಗೇ ಗೊತ್ತು."

"ಹಾಗಾದ್ರೆ ಪರೀಕ್ಷೆಗೆ ದೇವರನ್ನೇ ಕಳಿಸು, ಲಾಯರಮ್ಮ."

ಹುಡುಗಿ ನಕ್ಕಳು. ಆಮೇಲೆ, ಇದೇ ಕೊನೆಯ ಅವಕಾಶ, ಈ ಸಲ ಬರೆಯದಿದ್ದರೆ ಅಪ್ಪ ಓದು ಬಿಡಿಸುತ್ತಾನೆ ಎಂದಳು.

ಗ್ರಂಥಾಲಯದವರು ಪುಸ್ತಕವನ್ನು ಹೊರಗೆ ಒಯ್ಯಲು ಬಿಡುವುದಿಲ್ಲ. ಓದಕ್ಕ ಅಲ್ಲಿಗೇ ಹೋಗಿ, ಉಳಿದರ್ಧವನ್ನು ಬಿಟ್ಟಿಯಾಗಿ ಓದಿಕೊಡುತ್ತೇನೆ ಎಂದಳು.

"ನೋಡಿದ್ರಾ, ಮನಸ್ಸಿದ್ರೆ ಸಂಬಳ ಯಾಕೆ ಬೇಕು?" ಎಂದ ಮ್ಯಾನೇಜರ್. "ಆದ್ರೆ ಮೊದಲಿಂದ ಓದಬೇಕಮ್ಮ."

ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಕೈಕಾಲು ಹಿಡಿದು ಕೇಳಿದ್ದೂ ಆಯಿತು, ಬೈದದ್ದೂ ಆಯಿತು, ಅವನು ಜಗ್ಗಲಿಲ್ಲ. ಹುಡುಗಿಗೋಸ್ಕರ ಮೊದಲಿನಿಂದಲೇ ಓದಲು ಕೂತಳು. ದಿನವಿಡೀ ಗಿರಾಕಿಗಳ ಮುಂದೆ ಅರಚಿ, ಸಂಜೆ ಮೈಕಿನ ಮುಂದೆ ಕಾನೂನು. ನಡುವಿನ ಪಾಠಕ್ಕೆ ಬರುವಷ್ಟರಲ್ಲಿ ಗಂಟಲು ಕಟ್ಟಿ ಗಾಳಿ ಮಾತ್ರ ಬರತೊಡಗಿತು. ಗಂಟಲಿಗೆ ಬಿಡುವು ಸಿಗಲೆಂದು ಸಂಜೆ ಬೇಗ ಬಿಡಿ ಎಂದರೆ ಅಂಗಡಿಯವನು, ಹಾಗಾದರೆ ನಾಳೆಯಿಂದ ಬರಲೇಬೇಡ ಎಂದ. ಅವಳ ಹೊಟ್ಟೆಪಾಡು ಅಲ್ಲಿತ್ತು. ಪುಸ್ತಕ ನಿಂತಿತು.

"ನಾನೂ ಅವರ ಥರಾನೇ ಆದೆ ಕಣೆ," ಎಂದು ಫೋನಿನಲ್ಲಿ ಪಿಸುಗುಟ್ಟಿದಳು.

ಹುಡುಗಿ ಬೈದಿದ್ದರೆ ತಿರುಗಿಯಾದರೂ ಬೈಯಬಹುದಿತ್ತು. ಅವಳು ಬೈಯಲಿಲ್ಲ. ಅಕ್ಕ ಓದಿದ್ದು ಚೆನ್ನಾಗಿತ್ತು, ಅರ್ಥವೂ ಆಯಿತು ಎಂದಳು. ಪರೀಕ್ಷೆಗೆ ಕೂರುತ್ತಿಲ್ಲ, ಅಪ್ಪ ನಾಳೆ ಕರೆದುಕೊಂಡು ಹೋಗಲು ಬರುತ್ತಾನೆ ಎಂದಳು.

ಗಿರಾಕಿ ಬಂದು ನಿಂತಿದ್ದ. ಓದಕ್ಕ ಫೋನ್ ಇಟ್ಟು, ಬಾರದ ದನಿಯಲ್ಲೇ, ಏನು ತೋರಿಸಲಿ ಎಂದು ಕೇಳಿದಳು.