ಒಂದು ಪೂರಾ ತಾಟು

ನಮ್ಮ ಅತ್ತೆ ಶಿವಕಾಂತಾ ಜೇವರ್ಗಿಯ ಖಾನಾವಳಿಯೊಂದರಲ್ಲಿ ಒಬ್ಬರೇ ಕುಳಿತು ಊಟ ಮಾಡಿದ ಸುದ್ದಿ, ಅಫಜಲಪುರದಲ್ಲಿ ಅವರ ಜೊತೆ ಒಂದೇ ಮನೆಯಲ್ಲಿರುವ ನನಗೆ ಮುಟ್ಟಿದ್ದು ಭೂಸನೂರಿನಿಂದ. ಅಷ್ಟು ದೂರ ಸುತ್ತಿ ಬರುವಷ್ಟರಲ್ಲಿ ಆ ಊಟಕ್ಕೆ ಬೇಕಾದಷ್ಟು ಉಪ್ಪು ಖಾರ ಬಿದ್ದಿತ್ತು.

ಫೋನು ಮಾಡಿದವರು ನಮ್ಮಪ್ಪ ನಾಗಣ್ಣ. ನಾನು ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಸ್ಪೀಕರ್ ಒತ್ತಿದೆ.

“ವಿಜಯಾ, ನಿಮ್ಮತ್ತಿಗಿ ಹೊಟ್ಟಿ ತುಂಬ ಹಾಕ್ತಿ ಇಲ್ಲೋ?”

ನನಗೆ ತಲೆಬುಡ ತಿಳಿಯಲಿಲ್ಲ. “ಹಿಂಗ್ಯಾಕ ಕೇಳ್ತಿ ಅಪ್ಪಾ?” ಎಂದೆ.

“ಇಜೇರಿ ಮಂದಿ ಕೇಳಾಕತ್ಯಾರ. ಅದಕ್ಕ ಕೇಳ್ದೆ.”

ಇಜೇರಿ ಎಂದ ಕೂಡಲೇ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದೆ. ನನ್ನ ತಂಗಿ ಐಶ್ವರ್ಯಾಳನ್ನು ಇಜೇರಿಯ ಅನೀಲಕುಮಾರನಿಗೆ ಕೊಡುವ ಮಾತು ನಿಶ್ಚಯದ ತಾರೀಖಿನವರೆಗೆ ಬಂದಿತ್ತು. ಹುಡುಗ ಹೈಸ್ಕೂಲ್ ಮಾಸ್ತರ. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಹಿಂದೆ ಎರಡು ಸಂಬಂಧ ಮುರಿದು, ಕನ್ನಡಿ ನೋಡುವುದನ್ನೇ ಬಿಟ್ಟಿದ್ದ ನನ್ನ ತಂಗಿ ಈಗಷ್ಟೇ ಮತ್ತೆ ನಗಲು ಕಲಿತಿದ್ದಳು.

ಹುಡುಗನ ಸೋದರಮಾವ ಅಂಬಾರಾಯ, ಹೆಣ್ಣು ನೋಡಲು ಬಂದಾಗ ನಮ್ಮ ಅತ್ತೆಯನ್ನು ಕಂಡಿದ್ದವನು, ಜೇವರ್ಗಿಗೆ ಯಾವುದೋ ಕೆಲಸಕ್ಕೆ ಹೋಗಿದ್ದನಂತೆ. ಬಸ್ ಸ್ಟ್ಯಾಂಡಿನ ಎದುರಿನ ಖಾನಾವಳಿಯಲ್ಲಿ ನಮ್ಮ ಅತ್ತೆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತು, ಬಗ್ಗಿಸಿದ ತಲೆ ಎತ್ತದೆ ಉಣ್ಣುತ್ತಿದ್ದದ್ದನ್ನು ಕಂಡನಂತೆ. ಮೇಲೆ ಎರಡು ಶೇಂಗಾ ಹೋಳಿಗೆ ಬೇರೆ ಕೇಳಿ ಹಾಕಿಸಿಕೊಂಡರಂತೆ. ಇಷ್ಟು ಕಂಡವನಿಗೆ ಉಳಿದದ್ದನ್ನು ಹೊಂದಿಸಿಕೊಳ್ಳುವುದೇನು ಕಷ್ಟ? ವಯಸ್ಸಾದ ವಿಧವೆ ಪರ ಊರಿಗೆ ಹೋಗಿ, ಕದ್ದು, ದುಡ್ಡು ಕೊಟ್ಟು ಉಣ್ಣುತ್ತಾಳೆ ಅಂದರೆ ಸೊಸೆ ಉಪವಾಸ ಕೆಡವಿರಬೇಕು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಅಕ್ಕನೇ ಹೀಗಾದರೆ ತಂಗಿ ಹೇಗಿದ್ದಾಳು?

“ಸ್ವಲ್ಪ ವಿಚಾರ ಮಾಡಿ ಹೇಳ್ತೇವಿ ಅಂದಾರ,” ಎಂದರು ಅಪ್ಪ. ಸಂಬಂಧ ಬೇಡ ಎನ್ನುವವರು ನಮ್ಮ ಕಡೆ ಹೇಳುವುದೇ ಹಾಗೆ.

ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ನಾನು ಸಿಟ್ಟಿನವಳು, ಅದನ್ನು ಮುಚ್ಚಿಡುವುದೇನಿದೆ. ನನ್ನ ಅಡುಗೆಯನ್ನು ಓಣಿಯೇ ಹೊಗಳುತ್ತದೆ, ಆ ಹೊಗಳಿಕೆ ನನಗೆ ಇಷ್ಟವೂ ಹೌದು. ಹನ್ನೊಂದು ವರ್ಷ ಈ ಮನೆಯಲ್ಲಿ ಎರಡು ಹೊತ್ತು ಬಡಿದ ರೊಟ್ಟಿಯೆಲ್ಲ ಒಂದು ಫೋನಿನಲ್ಲಿ ಮಣ್ಣುಪಾಲಾಯಿತಲ್ಲ ಎಂದು ಹೊಟ್ಟೆ ಉರಿಯಿತು.

ಅತ್ತೆ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು.

“ಅತ್ತಿ, ಜೇವರ್ಗಿ ಖಾನಾವಳ್ಯಾಗ ಉಂಡೀರೇನು?”

ಮೊರ ನಿಂತಿತು. ಅವರು ಸುಳ್ಳು ಹೇಳಲಿಲ್ಲ. “ಹೌದು,” ಎಂದರು.

“ಮೊಣಕಾಲಿನ ಎಣ್ಣಿ ತರ್ತೇನಿ ಅಂತ ಹೇಳಿ ಹೋಗಿದ್ರಿ.”

“ಎಣ್ಣಿನೂ ತಂದೇನಲ್ಲ.”

ತಂದಿದ್ದರು, ಸರಿ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ತಿಂಗಳಿಗೊಮ್ಮೆ ಆಧಾರ್ ಕಾರ್ಡು ಸೆರಗಿಗೆ ಕಟ್ಟಿಕೊಂಡು ಹೋಗಿ, ಸಂಜೆಗೆ ಒಂದು ಬಾಟಲಿ ಹಿಡಿದು ಬರುತ್ತಿದ್ದರು. ನಾನು ಹೋಗಿ ಅವರ ಕಪಾಟು ತೆಗೆದೆ. ಬಾಟಲಿಗಳು ಸಾಲಾಗಿ ನಿಂತಿದ್ದವು, ಒಂದರ ಬಿರಡೆಯೂ ತೆಗೆದಿರಲಿಲ್ಲ.

“ನನ್ನ ಕೈಯಾನ ಅಡಗ್ಯಾಗ ಏನು ಕಡಿಮಿ ಆಗ್ಯದ ಹೇಳ್ರಿ. ಉಪ್ಪೋ, ಖಾರೋ?”

“ಏನೂ ಇಲ್ಲ ಬೇ. ನಿನ್ನಷ್ಟು ಛಲೋ ಅವರು ಮಾಡಂಗಿಲ್ಲ.”

“ಮತ್ಯಾಕ ಹೋಗಿದ್ರಿ?”

“ಸುಮ್ಮ. ಉಣಬೇಕು ಅನಸ್ತು.”

ಯಾರಾದರೂ ನಂಬುವ ಮಾತೇ ಇದು? ಹುರುಳಿಲ್ಲದ ಉತ್ತರ ಎಂದುಕೊಂಡೆ. ನನ್ನ ಮೇಲಿನ ಯಾವುದೋ ಹಳೆಯ ಸಿಟ್ಟನ್ನು ಹೀಗೆ ತೀರಿಸಿಕೊಂಡರು ಎಂದೂ ಅನಿಸಿತು. ಇಜೇರಿಯ ವಿಷಯವನ್ನು ಪೂರ್ತಿ ಹೇಳಿ, “ನಿಮ್ಮ ಎರಡು ಹೋಳಿಗಿ ಸಲುವಾಗಿ ನನ್ನ ತಂಗಿ ಬಾಳೇ ಹಾಳಾಯ್ತು ನೋಡ್ರಿ,” ಎಂದು ಅಂದುಬಿಟ್ಟೆ. ಅವರ ಮುಖ ಬಿಳಿಚಿಕೊಂಡಿತು. ಮೊರವನ್ನು ಗೋಡೆಗೆ ಒರಗಿಸಿ, “ನಾನೇ ಹೋಗಿ ಹೇಳ್ತೇನಿ,” ಎಂದರು.

ನನ್ನ ಗಂಡ ಗುರುಶಾಂತ ಬೀಜ ಗೊಬ್ಬರದ ಅಂಗಡಿಯವನು. ಮನೆಯ ಯಾವ ತಾಪತ್ರಯಕ್ಕೂ ಅವನ ಹತ್ತಿರ ಒಂದೇ ಔಷಧ, ಸುಮ್ಮನಿರುವುದು. “ಹೋಗಿ ಬರ್ರಿ, ಇಬ್ರೂ ಹೋಗ್ರಿ,” ಎಂದು ಅಂಗಡಿಗೆ ನಡೆದ.

ಆ ಭಾನುವಾರ ನನ್ನ ಇಬ್ಬರು ಹೆಣ್ಣುಮಕ್ಕಳನ್ನು ಅವನ ಹತ್ತಿರ ಬಿಟ್ಟು ನಾವಿಬ್ಬರೂ ಬಸ್ಸು ಹಿಡಿದೆವು. ಅಪ್ಪ ಭೂಸನೂರಿನಿಂದ ನೇರವಾಗಿ ಬಂದು ಇಜೇರಿಯಲ್ಲಿ ಕಾಯುತ್ತಿದ್ದರು. ಹುಡುಗನ ತಾಯಿ ಸಾಬಮ್ಮ ಕಾಲಿಗೆ ನೀರು ಕೊಟ್ಟು ಒಳಗೆ ಕರೆದರು. ಜಮಖಾನೆಯ ಮೇಲೆ ಅಂಬಾರಾಯ ಆಗಲೇ ಕುಳಿತಿದ್ದ. ಆ ಮನೆಯಲ್ಲಿ ತಂದೆ ಇಲ್ಲ, ಹೀಗಾಗಿ ಅವನ ಮಾತೇ ಕೊನೆಯದು.

ಅತ್ತೆ ಕುಳಿತವರೇ ಪೀಠಿಕೆ ಇಲ್ಲದೆ ಶುರು ಮಾಡಿದರು. “ನಾ ಖಾನಾವಳ್ಯಾಗ ಉಂಡಿದ್ದು ಖರೇ ಅದ. ನನ್ನ ಸೊಸಿ ಬಂಗಾರದಂಥಾಕಿ. ಮೂರು ಹೊತ್ತು ಕೇಳಿ ಕೇಳಿ ನೀಡ್ತಾಳ. ನನ್ನ ಬಾಯಿ ಚಪಲಕ್ಕ ನಾ ಹೋಗಿದ್ದೆ. ತಪ್ಪು ನಂದು.”

ಹೆಣ್ಣುಮಗಳು, ಅದೂ ಅರವತ್ತು ಸಮೀಪಿಸಿದವಳು, ಬೀಗರಾಗುವವರ ಮುಂದೆ ತನ್ನ ಬಾಯಿ ಚಪಲವನ್ನು ತಾನೇ ಹೇಳಿಕೊಳ್ಳುವುದೆಂದರೆ ಸಣ್ಣ ಮಾತಲ್ಲ. ನನ್ನ ಕಣ್ಣು ಮಂಜಾದವು. ಆದರೆ ಅಂಬಾರಾಯನ ಮುಖ ನೋಡಿದರೆ ಕೆಲಸ ಕೆಟ್ಟದ್ದು ಗೊತ್ತಾಗುತ್ತಿತ್ತು. ಅವನು ನನ್ನ ಕಡೆ ಒಮ್ಮೆ ನೋಡಿ, ಅಪ್ಪನಿಗೆ ಮೆಲ್ಲಗೆ, “ಸೊಸಿ ಮಗ್ಗಲಾಗೇ ಕುಂತಾರಲ್ರೀ, ಇನ್ನೇನು ಹೇಳ್ಯಾರು ಪಾಪ,” ಎಂದ.

ಹೊಗಳಿದಷ್ಟೂ ನಾನು ಹೆದರಿಸಿ ಕರೆತಂದಂತೆಯೇ ಕಾಣುತ್ತಿತ್ತು. ಎದ್ದು ಹೋಗಿಬಿಡಬೇಕು ಅನಿಸಿತು. ಐಶ್ವರ್ಯಾಳ ಮುಖ ನೆನಪಾಗಿ ಹಲ್ಲು ಕಚ್ಚಿ ಕುಳಿತೆ.

ಅಷ್ಟರಲ್ಲಿ ಊಟಕ್ಕೆ ಎಬ್ಬಿಸಿದರು. ಜೋಳದ ಬಿಸಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕೆನೆಮೊಸರು, ಶೇಂಗಾ ಹೋಳಿಗೆ, ಮೇಲೆ ತುಪ್ಪ. ಹೋಳಿಗೆಯನ್ನು ಬೇಕೆಂದೇ ಮಾಡಿಸಿದ್ದರೋ ಏನೋ. ಬೆಳಿಗ್ಗೆ ಅತ್ತೆ ಒಂದು ಕಪ್ ಚಹಾ ಬಿಟ್ಟು ಏನೂ ಮುಟ್ಟಿರಲಿಲ್ಲ. ಈಗ ಹಸಿದವರಂತೆ ಉಂಡರೆ, ನೋಡಿ, ಸೊಸೆ ಉಪವಾಸ ಕೆಡವಿದ್ದು ನಿಜ. ಕಡಿಮೆ ಉಂಡರೆ, ನೋಡಿ, ಸೊಸೆಯ ಹೆದರಿಕೆಗೆ ಉಣ್ಣುತ್ತಿಲ್ಲ. ಆ ತಾಟಿನಲ್ಲಿ ಅವರು ಏನೇ ಮಾಡಿದರೂ ಸೋಲುವವಳು ನಾನೇ. ಬಾಗಿಲಿಗೆ ಆತು ನಿಂತ ಹೆಂಗಸರು, ಎದುರಿಗೆ ಅಂಬಾರಾಯ, ಎಲ್ಲರ ಕಣ್ಣೂ ಆ ಒಂದು ತಾಟಿನ ಮೇಲೆ.

ಅತ್ತೆ ರೊಟ್ಟಿ ತೆಗೆದುಕೊಂಡರು. ಎಂಜಲಾಗುವ ಮೊದಲೇ ಎರಡು ತುಂಡು ಮಾಡಿ, ಅರ್ಧವನ್ನು ಬುಟ್ಟಿಗೆ ವಾಪಸು ಇಟ್ಟರು. ಸಾಬಮ್ಮ ಹೋಳಿಗೆ ನೀಡಿದರು. ಅದನ್ನೂ ಮುರಿದು ಅರ್ಧ ತಿರುಗಿ ಇಟ್ಟರು. ಬದನೆಕಾಯಿ ಹಾಕುವಾಗ ಅವರ ಕಣ್ಣು ಸಾಬಮ್ಮನ ಕೈಯಲ್ಲಿದ್ದ ಪಾತ್ರೆಯ ತಳಕ್ಕೆ ಹೋಯಿತು. “ಸಾಕ್ರೀ,” ಎಂದು ಕೈ ಅಡ್ಡ ಹಿಡಿದರು.

ನನಗೆ ಇದೇನೂ ಹೊಸದಲ್ಲ. ದಿನವೂ ಹೀಗೆಯೇ ಮಾಡುತ್ತಿದ್ದರು. ದಿನವೂ ನೋಡುತ್ತಿದ್ದೆ, ಮುದುಕಿಯ ಊಟವೇ ಅಷ್ಟು ಎಂದುಕೊಂಡಿದ್ದೆ.

“ಯಾಕ್ರೀ ಅಕ್ಕಾರ, ಅರ್ಧರ್ಧ ತಗದಿಡಾಕತ್ತೀರಿ?” ಸಾಬಮ್ಮ ಕೇಳಿದರು.

“ನೀವಿನ್ನ ಒಳಗ ಉಣ್ಣೂದು ಅದಲ್ರೀ,” ಎಂದರು ಅತ್ತೆ.

ಸಾಬಮ್ಮ ಬುಟ್ಟಿ ಹಿಡಿದುಕೊಂಡೇ ನಿಂತರು. ಅತ್ತೆಗೆ ಅದೇನು ಅನಿಸಿತೋ, ಗಂಡಸರು ಇದ್ದಾರೆಂಬುದನ್ನೂ ಮರೆತು ಆ ಹೆಂಗಸಿನ ಮುಖ ನೋಡುತ್ತ ಹೇಳತೊಡಗಿದರು.

“ಮದಿವ್ಯಾಗಿ ಬಂದಾಗಿಂದ ಎಲ್ಲಾರದೂ ಆದ ಮ್ಯಾಲ ಉಂಡಾಕಿ ನಾ. ಈಗ ಸೊಸಿ ಮೊದಲ ನೀಡ್ತಾಳ, ಇಲ್ಲ ಅನ್ನಂಗಿಲ್ಲ. ಖರೇ ಆದ್ರ ತಾಟಿನ ಮುಂದ ಕುಂತ್ರ ನನ್ನ ಕಣ್ಣು ಬುಟ್ಟಿ ಮ್ಯಾಲೇ ಇರ್ತದ. ಮಗಂದು ಆಗಿಲ್ಲ, ಹುಡುಗ್ಯಾರು ಸಾಲಿಂದ ಬಂದಿಲ್ಲ, ಎಷ್ಟು ಉಳದಾವ, ಯಾರಿಗಿ ಕಡಿಮಿ ಬಿದ್ದೀತು. ಗಂಟಲಾಗ ತುತ್ತು ಇಳಿಯಂಗಿಲ್ಲ. ಆ ಖಾನಾವಳ್ಯಾಗ ಒಳಗ ಎಷ್ಟು ರೊಟ್ಟಿ ಅವ ನನಗ ಕಾಣಂಗಿಲ್ಲ. ಉಳದ್ರ ಉಳೀಲಿ, ತೀರಿದ್ರ ತೀರಲಿ. ಗ್ವಾಡಿ ಕಡಿ ಮುಖ ಮಾಡಿ ಕುಂತ್ರ ಯಾರೂ ಕಾಣಂಗಿಲ್ಲ. ತಿಂಗಳಿಗೊಮ್ಮಿ ಒಂದು ತಾಟು ಪೂರಾ ನಂದು. ಅಷ್ಟೇ ನೋಡ್ರಿ ನಾ ಮಾಡಿದ್ದು.”

ನನಗೆ ತಲೆ ಎತ್ತಲಾಗಲಿಲ್ಲ. “ಸುಮ್ಮ, ಉಣಬೇಕು ಅನಸ್ತು” ಎಂದು ಅವರು ನನಗೆ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ನಾನು ಉಪ್ಪು ಖಾರದ ಲೆಕ್ಕ ಕೇಳುತ್ತ ನಿಂತಿದ್ದೆ.

ಸಾಬಮ್ಮ ಬುಟ್ಟಿಯನ್ನು ಕೆಳಗಿಟ್ಟು ತಮ್ಮನ ಕಡೆ ತಿರುಗಿದರು. “ಅಂಬಾರಾಯಾ, ಇದು ಯಾರೋ ಕಲಿಸಿ ಆಡಿಸಿದ ಮಾತಲ್ಲಪ್ಪ.”

“ನಿನಗ ಹೆಂಗ ಗೊತ್ತು?”

“ಗೊತ್ತದ,” ಎಂದರು, ಅಷ್ಟೇ.

ಅಂಬಾರಾಯ ಅಕ್ಕನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಅವನೇನು ಕೆಟ್ಟವನಲ್ಲ. ಊಟ ಮುಗಿಸಿ, ನಮ್ಮ ಕಡೆಯ ಪದ್ಧತಿಯಂತೆ ತಾಟು ತೊಳೆದ ನೀರು ಕುಡಿದು, ಅಪ್ಪನಿಗೆ ಹೇಳಿದ: “ಆಯ್ತ್ರಿ, ನಮ್ದೇನೂ ತಕರಾರಿಲ್ಲ. ಒಂದೇ ಮಾತು. ನಾಳಿಗಿ ಬೀಗರಾಗೋರು ನಾವು. ಅಕ್ಕಾರು ಇನ್ನ ಮ್ಯಾಲ ಹಂಗ ಒಬ್ರೇ ಹೋಗಿ ಉಣ್ಣೂದು ಬ್ಯಾಡ. ನಾವು ತಿಳಕೋತೇವಿ, ಮಂದಿ ತಿಳಕೊಳ್ಳಂಗಿಲ್ಲ.”

“ಹೋಗಂಗಿಲ್ರಿ,” ಎಂದರು ಅತ್ತೆ. ಒಂದು ಉಸಿರಿನಷ್ಟೂ ತಡ ಮಾಡಲಿಲ್ಲ.

ಆಗ ನನಗಾದದ್ದು ಸಂತೋಷ. ಇದನ್ನು ಹೇಳಲೇಬೇಕು. ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಹೊರಗೆ ಹೋಗಿ ತಂಗಿಗೆ ಫೋನು ಮಾಡಿದೆ. ಅವಳು ಅತ್ತಳು, ನನಗೂ ಅಳು ಬಂತು. ಮನಸ್ಸಿನಲ್ಲಿ ಒಂದು ಸಣ್ಣ ಮುಳ್ಳು ಎದ್ದದ್ದು ವಾಪಸು ಬರುವಾಗ. ಬಸ್ಸು ಜೇವರ್ಗಿ ಸ್ಟ್ಯಾಂಡಿನಲ್ಲಿ ನಿಂತಾಗ ಅತ್ತೆ ಕಿಟಕಿಯ ಕಡೆ ಇದ್ದರು. ಎದುರಿಗೇ ಆ ಖಾನಾವಳಿ. ಅವರು ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವರಂತೆ ಕುಳಿತರು.

ಮನೆಯಲ್ಲಿ ನಾನು ನನಗೆ ತಿಳಿದ ಪ್ರಯತ್ನವನ್ನೆಲ್ಲ ಮಾಡಿದೆ. ಎಲ್ಲರಿಗಿಂತ ಮೊದಲು ಕೂರಿಸಿ ಹಂಚಿನಿಂದ ನೇರ ತಾಟಿಗೆ ರೊಟ್ಟಿ ಹಾಕಿದೆ. ಬುಟ್ಟಿಯನ್ನು ಮುಚ್ಚಿಟ್ಟೆ. ಅವರು ಮುಚ್ಚಳದ ಕಡೆ ನೋಡುತ್ತಿದ್ದರು. “ಹುಡುಗ್ಯಾರು ಬರಲಿ,” ಎನ್ನುತ್ತಿದ್ದರು. ಒತ್ತಾಯ ಮಾಡಿದರೆ ನನ್ನ ಮುಲಾಜಿಗೆ ನುಂಗುತ್ತಿದ್ದರು, ಅದು ಇನ್ನೂ ಕೆಟ್ಟದಾಗಿ ಕಾಣುತ್ತಿತ್ತು. ಒಂದು ದಿನ ಸಿಟ್ಟಿಗೆದ್ದು, “ಉಣ್ರಿ ಅತ್ತಿ, ಯಾರಿಗೂ ಏನೂ ಕಡಿಮಿ ಆಗಂಗಿಲ್ಲ,” ಎಂದು ಗದರಿದೆ. ಹೊರಗಿನಿಂದ ಕೇಳಿದವರು ಏನು ತಿಳಿದುಕೊಂಡರೋ ದೇವರೇ ಬಲ್ಲ.

ಮದುವೆಯ ಮಾತಿಗೆ ಇಜೇರಿಗೆ ಹೋಗಿ ಒಬ್ಬಳೇ ವಾಪಸು ಬರುವಾಗ ಜೇವರ್ಗಿಯಲ್ಲಿ ಇಳಿದೆ. ಖಾನಾವಳಿಯ ದುಡ್ಡಿನ ಗಲ್ಲೆಯ ಹತ್ತಿರ ಕುಳಿತಿದ್ದ ಹೆಂಗಸಿಗೆ ಅತ್ತೆಯ ಗುರುತು ಹೇಳಿದೆ. ಅವಳ ಮುಖ ಅರಳಿತು.

“ಗ್ವಾಡಿ ಕಡಿ ಕೂಡೋ ಅಮ್ಮಾರೇನ್ರಿ? ಬರೂದೇ ಬಿಟ್ಟಾರಲ್ಲ. ಅರಾಮ ಇದ್ದಾರಿಲ್ಲೋ? ಭಾಳ ಸಾವಕಾಶ ಉಣ್ತಿದ್ರು ನೋಡ್ರಿ. ಉಂಡು, ತಾಟು ತೊಳದು ಕುಡದು, ಒಂದೀಟು ಹೊತ್ತು ಸುಮ್ಮ ಕುಂತು ಹೋಗ್ತಿದ್ರು.”

“ಅರಾಮ ಇದ್ದಾರ,” ಎಂದೆ. “ಅವರು ಏನು ಉಣ್ತಿದ್ರೋ ಅದನ್ನೇ ಕಟ್ಟಿಕೊಡ್ರಿ.”

ಅಫಜಲಪುರದವರೆಗೆ ಆ ಪೊಟ್ಟಣವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ. ದಾರಿಯಲ್ಲಿ ಏನೇನೋ ಕಲ್ಪಿಸಿಕೊಂಡೆ. ಅವರ ಕೋಣೆಯ ಬಾಗಿಲು ಮುಚ್ಚಿಬಿಡುವುದು, ಗೋಡೆಯ ಕಡೆ ಮಣೆ ಹಾಕುವುದು, ನಾನು ಹೊರಗೆ ಕಾವಲು ಕೂರುವುದು. ಹಾಗೆ ಮಾಡಿದರೆ ಆಗುತ್ತದೆ ಎಂದು ನಿಜಕ್ಕೂ ನಂಬಿದ್ದೆ.

ಪೊಟ್ಟಣ ಕೈಗೆ ಕೊಟ್ಟಾಗ ವಾಸನೆಯಿಂದಲೇ ಅವರಿಗೆ ಗೊತ್ತಾಯಿತು. ಕಣ್ಣು ತುಂಬಿದವು. ನನ್ನ ಕೆನ್ನೆ ಸವರಿದರು. ನಾನು ಕೈಕಾಲು ತೊಳೆಯಲು ಬಚ್ಚಲಿಗೆ ಹೋದೆ.

ತಿರುಗಿ ಬರುವಷ್ಟರಲ್ಲಿ ಅಡುಗೆಮನೆಯ ನೆಲದ ಮೇಲೆ ನಾಲ್ಕು ತಾಟು ಹರಡಿದ್ದವು. ರೊಟ್ಟಿಗಳನ್ನು ಮುರಿದು ಹಂಚಿದ್ದರು. ಎರಡು ಹೋಳಿಗೆಗಳಲ್ಲಿ ಒಂದು ಮಗನಿಗೆ, ಇನ್ನೊಂದರ ಎರಡು ತುಂಡು ಇಬ್ಬರು ಮೊಮ್ಮಕ್ಕಳಿಗೆ. ದೊಡ್ಡ ಬದನೆಕಾಯಿ ನನ್ನ ತಾಟಿನಲ್ಲಿತ್ತು. ಪೊಟ್ಟಣದ ಹಾಳೆಗೆ ಹತ್ತಿದ ತುಪ್ಪವನ್ನು ಅವರು ಬೆರಳಿನಿಂದ ಬಳಿದು ಸಣ್ಣವಳ ತುಂಡಿಗೆ ಸವರುತ್ತಿದ್ದರು.

“ಅತ್ತಿ, ನಿಮಗ?” ಎಂದೆ.

ಅವರು ತಲೆ ಎತ್ತದೆ ಹೇಳಿದರು. “ನೀವು ಉಣ್ರಿ. ಉಳದ್ರ ಉಣ್ತೇನಿ.”