ಗಂಡನ ಜೇಬಿನಲ್ಲಿ ಹೆಂಡತಿಯ ಉಬ್ಬಸ

ಹತ್ತಿ ಬಡಿದು ಹಾಸಿಗೆ ತುಂಬುವುದು ಅವಳ ಕಸುಬು. ಓಣಿಯವರಿಗೆಲ್ಲ ಅವಳು ಹಾಸಿಗೆಯಕ್ಕ. ಆ ಬೆಳಿಗ್ಗೆ ಅರ್ಧ ಹಾಸಿಗೆ ತುಂಬುವಷ್ಟರಲ್ಲಿ ಎದೆ ಸಿಳ್ಳೆ ಹಾಕತೊಡಗಿತು. ಉಬ್ಬಸದ ನೀಲಿ ಪಂಪನ್ನು ಬಾಯಿಗಿಟ್ಟು ಔಷಧಿ ಎಳೆದುಕೊಂಡು ಗೋಡೆಗೊರಗಿ ಕೂತಳು. ಆ ವಾರ ಇದು ನಾಲ್ಕನೇ ಸಲ. ಹೀಗೇ ಆದರೆ ಕಸುಬು ಬಿಡಬೇಕು. ಬೇರೆ ಕಸುಬು ಅವಳಿಗೆ ಬಾರದು.

ನೋಡಲು ಬಂದ ನರ್ಸಮ್ಮ ತಮ್ಮ ಮೊಬೈಲಿನಲ್ಲಿ ಕಣ್ಣಾಡಿಸಿ ಹುಬ್ಬೇರಿಸಿದರು.

“ಅಲ್ಲಕ್ಕಾ, ನಿಮ್ಮ ಮನೆ ಫೋನಿಗೆ ನಾನು ಹಾಕಿಕೊಟ್ಟ ಆಸ್ತಮಾ ಆ್ಯಪಿನಲ್ಲಿ ನೀವು ಒಂದು ದಿನಾನೂ ಔಷಧಿ ತಪ್ಪಿಸಿಲ್ಲ ಅಂತಿದೆ. ಮತ್ತೆ ಈ ಸಿಳ್ಳೆ?”

“ಉಬ್ಬಸ ಬಂದಾಗ ನೀಲಿದು ಎಳ್ಕೋತೀನಲ್ಲ.”

“ದಿನಾ ಎರಡು ಹೊತ್ತು ಎಳ್ಕೋಬೇಕಾದ ಕಂದು ಪಂಪು?”

“ಅದನ್ನ ನೆನಪಿಸೋದು ಫೋನು. ಫೋನಿರೋದು ಇವರ ಜೇಬಲ್ಲಿ.”

ಬಾಡಿಗೆಗೆ ಹೊರಡಲು ಸಾಮಾನಿನ ಗಾಡಿ ಒರೆಸುತ್ತಿದ್ದ ಗಂಡ ತಲೆ ಕೆರೆದುಕೊಂಡ.

“ಬೆಳಿಗ್ಗೆ ಹತ್ತಕ್ಕೊಂದ್ಸಲ, ಸಂಜೆ ಐದಕ್ಕೊಂದ್ಸಲ ಬಡ್ಕೊಳ್ಳುತ್ತೆ ಸಿಸ್ಟರ್. ಗಾಡಿ ಓಡಿಸ್ತಿರ್ತೀನಿ. ಹಸಿರು ಗುಂಡಿ ಒತ್ತಿದ್ರೆ ಬಾಯಿ ಮುಚ್ಚುತ್ತೆ. ಒತ್ತಿಬಿಡ್ತೀನಿ.”

“ಅದು ‘ಔಷಧಿ ತಗೊಂಡೆ’ ಅನ್ನೋ ಗುಂಡಿ ಕಣಣ್ಣಾ!”

“ಓಹೋ, ನನ್ನ ಔಷಧಿಯೆಲ್ಲ ನೀವೇ ತಗೊಂಡ್ರಾ?” ಹಾಸಿಗೆಯಕ್ಕ ಏದುಸಿರಿನಲ್ಲೇ ರೇಗಿದಳು. “ಅದಕ್ಕೇ ಗುಂಡುಕಲ್ಲಿನ ಹಾಗಿದ್ದೀರಿ! ತೆಗೆದುಹಾಕಿ ಸಿಸ್ಟರ್ ಆ ಆ್ಯಪನ್ನ. ‘ಇಂದು ವ್ಯಾಯಾಮ ಮಾಡಿದಿರಾ’ ಅಂತ ಕೇಳುತ್ತಂತೆ, ದಿನವಿಡೀ ಹತ್ತಿ ಬಡಿಯೋಳನ್ನ! ಅದು ನಮ್ಮಂಥೋರಿಗೆ ಮಾಡಿದ್ದಲ್ಲ.”

“ಹಾಗಾದ್ರೆ ನಿಮ್ಮಂಥೋರಿಗೆ ಆಗೋ ಹಾಗೆ ಮಾಡಿಸೋಣ. ನೀವು ಹೇಳಿ, ನಾನು ಬರ್ಕೊಂಡು ಆ್ಯಪು ಮಾಡಿದೋರಿಗೆ ಕಳಿಸ್ತೀನಿ.”

ಉಸಿರು ಹದಕ್ಕೆ ಬಂದ ಮೇಲೆ ಅವಳು ಹೇಳಿದಳು. ಫೋನು ಮನೆಯಲ್ಲಿರುವಾಗ ಗಂಟೆ ಬಡಿಯಲಿ, ಬೆಳಿಗ್ಗೆ ಆರಕ್ಕೆ, ಸಂಜೆ ಏಳಕ್ಕೆ. ಓದು ಬಾರದವರಿಗೂ ತಿಳಿಯುವಂತೆ ಬಾಯಿಬಿಟ್ಟು ಮಾತಾಡಲಿ. ವ್ಯಾಯಾಮದ ಮಾತು ಬಿಟ್ಟು, ದಮ್ಮು ಹತ್ತಿ ಎಷ್ಟು ಸಲ ಕೆಲಸ ನಿಲ್ಲಿಸಿದಿರಿ ಎಂದು ಕೇಳಲಿ.

ಕೇಳಿದ್ದೆಲ್ಲ ಬರಲು ಎರಡು ತಿಂಗಳು ಹಿಡಿಯಿತು. ಕಂದು ಪಂಪು ಮಾತ್ರ ಅವಳು ಅವತ್ತೇ ಹಿಡಿದಳು. ಮೂಗು ಬಾಯಿಗೆ ಮಾಸ್ಕು ಬಿಗಿದೇ ಹತ್ತಿಗೆ ಕೈ ಹಾಕುತ್ತಿದ್ದಳು. ಗಂಡ ಮನೆಗೆ ಬಂದೊಡನೆ ಫೋನನ್ನು ಪಂಪಿನ ಪಕ್ಕದಲ್ಲೇ ಇಡುತ್ತಿದ್ದ.

ಒಂದು ಸಂಜೆ ದೊಡ್ಡ ಹಾಸಿಗೆಯೊಂದನ್ನು ಹೊಲಿದು ಮುಗಿಸುತ್ತಿರುವಾಗ ಫೋನು ಕೇಳಿತು: “ಅಕ್ಕಾ, ಇವತ್ತು ಎಷ್ಟು ಸಲ ಕೆಲಸ ನಿಲ್ಲಿಸಿದಿರಿ?”

“ಒಂದೇ ಸಲ,” ಎಂದಳು ಹಾಸಿಗೆಯಕ್ಕ. “ಅದೂ ಈಗ, ನಿನಗೆ ಉತ್ತರ ಕೊಡೋಕೆ!”

ನಿಮ್ಮ ಮನೆಯಲ್ಲೂ ಆಸ್ತಮಾ ಇದೆಯೇ? ವೈದ್ಯರು ದಿನಾ ಎಳೆದುಕೊಳ್ಳಿ ಎಂದ ಪಂಪನ್ನು ಉಬ್ಬಸವಿಲ್ಲದ ದಿನವೂ ಬಿಡಬೇಡಿ. ನೀಲಿ ಪಂಪಿಗೂ ಉಬ್ಬಸ ತಗ್ಗದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಆ್ಯಪು ನಿಮ್ಮ ಬದುಕಿಗೆ ಹೊಂದುತ್ತಿಲ್ಲವೇ? ಸುಮ್ಮನಾಗಬೇಡಿ, ನಿಮ್ಮ ನರ್ಸಮ್ಮನಿಗೆ ಹೇಳಿ. ಬದಲಾಗಬೇಕಾದ್ದು ಆ್ಯಪು, ನಿಮ್ಮ ಕಸುಬಲ್ಲ.